ಅಳಿವೆಯಲ್ಲಿ ಅಕ್ಕ ಕೂಗಿದ ದಿನ

ಆ ಪ್ರವಾಸದ ಪಟ್ಟಿಯಲ್ಲಿ ಅಕ್ಕನ ಹೆಸರು ಸೇರಿಸಿದವಳು ನಾನೇ. ಈ ಸಿಟ್ಟು ಇಷ್ಟು ದಿನವಾದರೂ ಆರದಿರುವುದಕ್ಕೆ ಅದೂ ಒಂದು ಕಾರಣ.

ನಾನು ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯ ಅಡ್ಮಿನ್ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಕ್ಯಾಬ್ ತಡವಾದರೆ, ಕ್ಯಾಂಟೀನಿನ ಸಾಂಬಾರು ಹಳಸಿದರೆ, ಐಡಿ ಕಾರ್ಡು ಕಳೆದುಹೋದರೆ ಎಲ್ಲರೂ ನನಗೆ ಫೋನ್ ಮಾಡುತ್ತಾರೆ. ವರ್ಷಕ್ಕೊಮ್ಮೆ ಟೀಮುಗಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗುವ ಏರ್ಪಾಡೂ ನನ್ನದೇ. ಆ ವರ್ಷ ನಮ್ಮ ಮಹಡಿಯ ಟೀಮು ಕರಾವಳಿಗೆ ಹೋಗಿ, ಇಡೀ ದಿನ ಹಿನ್ನೀರಿನಲ್ಲಿ ಬೋಟಿನಲ್ಲಿ ಸುತ್ತಾಡುವುದು ಎಂದು ತೀರ್ಮಾನವಾಗಿತ್ತು. ಕುಂದಾಪುರದ ಕಡೆ ನದಿಗಳು ಸಮುದ್ರ ಸೇರುವ ಅಳಿವೆ, ಕಾಂಡ್ಲಾ ಗಿಡಗಳ ಕಾಡು, ನಡುನಡುವೆ ತೆಂಗು ತುಂಬಿದ ಕುದ್ರು ಎಂಬ ನಡುಗಡ್ಡೆಗಳು. ಫೋಟೊ ನೋಡಿಯೇ ಎಲ್ಲರೂ ಒಪ್ಪಿಕೊಂಡಿದ್ದರು.

ಅಕ್ಕ ನಮ್ಮ ಮಹಡಿಯನ್ನು ಗುಡಿಸಿ ಒರೆಸುವವರು. ಯಾದಗಿರಿ ಜಿಲ್ಲೆಯ ಕಡೆಯವರು, ಕೃಷ್ಣಾ ನದಿಯ ದಂಡೆಯ ಊರು. ಗಂಡ ಕಟ್ಟಡ ಕೆಲಸಕ್ಕೆ ಹೋಗುತ್ತಿದ್ದ, ಇವರು ಏಜೆನ್ಸಿಯೊಂದರ ಮೂಲಕ ನಮ್ಮಲ್ಲಿಗೆ ಬರುತ್ತಿದ್ದರು, ವಾಸ ಚಂದಾಪುರದ ಒಂದು ಕೋಣೆಯಲ್ಲಿ. ನನಗಿಂತ ಏಳೆಂಟು ವರ್ಷ ದೊಡ್ಡವರಿರಬೇಕು. ಹೆಚ್ಚು ಮಾತಿಲ್ಲ. ಒರೆಸಿದ ನೆಲದ ಮೇಲೆ ಇಡುತ್ತಿದ್ದ ಹಳದಿ ಬೋರ್ಡನ್ನು ಯಾರಾದರೂ ಕಾಲಿನಿಂದ ತಳ್ಳಿ ದಾಟಿದರೆ ಮಾತ್ರ, "ಸಾಹೇಬ್ರ, ಜಾರಿ ಬಿದ್ರ ನೆಲಕ್ಕೇನೂ ಆಗಂಗಿಲ್ರೀ" ಎನ್ನುತ್ತಿದ್ದರು. ನನಗೆ ನಗು ಬರುತ್ತಿತ್ತು. ಎಲ್ಲರಿಗೂ ಬರುತ್ತಿರಲಿಲ್ಲ.

ಆ ಸಲ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ನಮ್ಮ ಕಟ್ಟಡದ ನೆಲಮಾಳಿಗೆಗೆ ನೀರು ನುಗ್ಗಿತು. ಸೆಕ್ಯೂರಿಟಿಯವರು ವಾಕಿಟಾಕಿ ಹಿಡಿದು ಓಡಾಡುತ್ತಿದ್ದರು, ಮೇಲಿನವರು ಕಾರು ತೆಗೆಯುವ ಗಡಿಬಿಡಿಯಲ್ಲಿದ್ದರು. ಅಕ್ಕ ಸೀರೆ ಎತ್ತಿ ಕಟ್ಟಿ ನೀರಿಗಿಳಿದು, ನೀರು ಯಾವ ಕಡೆ ಸುಳಿ ತಿರುಗುತ್ತಿದೆ ಎಂದು ಒಂದು ಕ್ಷಣ ನಿಂತು ನೋಡಿ, ನೇರ ಮೂಲೆಯ ಚರಂಡಿ ಬಾಯಿಗೆ ಹೋಗಿ ಕೈ ಹಾಕಿದರು. ಒಂದು ಮೂಟೆಯಾಗುವಷ್ಟು ಪ್ಲಾಸ್ಟಿಕ್ಕು ಹೊರಗೆ ಬಂತು. ಅರ್ಧ ಗಂಟೆಯಲ್ಲಿ ನೀರು ಇಳಿಯಿತು. ಮುಂದಿನ ವಾರ ನಮ್ಮ ಮ್ಯಾನೇಜರು ಎಲ್ಲರ ಮುಂದೆ ಅಕ್ಕನನ್ನು ಕರೆದು ಕೈ ಕುಲುಕಿದರು, ಚಪ್ಪಾಳೆ ಹೊಡೆಸಿದರು, "ಈ ಸಲ ಅಕ್ಕ ನಮ್ ಜೊತೆ ಬೋಟಿಂಗ್ ಬರ್ತಾರೆ!" ಎಂದು ಘೋಷಿಸಿದರು. ಮತ್ತೆ ಚಪ್ಪಾಳೆ. ನಾನು ಅಲ್ಲೇ ಮೊಬೈಲಿನಲ್ಲಿ ಪಟ್ಟಿ ತೆರೆದು ಹೆಸರು ಸೇರಿಸಿದೆ.

ಸಂಜೆ ಅಕ್ಕ ನನ್ನ ಟೇಬಲ್ಲಿನ ಹತ್ತಿರ ಬಂದು ಕೇಳಿದರು.

"ಮೇಡಂ, ನಾ ಅಲ್ಲಿ ಏನ್ ಕೆಲಸ ಮಾಡಬೇಕ್ರೀ?"

"ಏನೂ ಇಲ್ಲ ಅಕ್ಕ. ನೀವು ಗೆಸ್ಟು. ಆರಾಮಾಗಿ ಕೂತ್ಕೊಂಡು ನೋಡೋದು, ಊಟ ಮಾಡೋದು, ಅಷ್ಟೇ."

"ಖರೇನೇನ್ರೀ?"

"ನಿಜವಾಗ್ಲೂ ಅಕ್ಕ. ನಾನ್ ಹೇಳ್ತಿದೀನಲ್ಲ."

ಬಸ್ಸು ಹತ್ತುವಾಗ ಅವರು ಗಿಳಿಹಸಿರು ಬಣ್ಣದ ಹೊಸ ಸೀರೆ ಉಟ್ಟಿದ್ದರು. ಯೂನಿಫಾರಂ ಇಲ್ಲದೆ ಅವರನ್ನು ನಾನು ಅವತ್ತೇ ಮೊದಲು ನೋಡಿದ್ದು. ಒಂದು ಕ್ಷಣ ಗುರುತೇ ಸಿಗಲಿಲ್ಲ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

ಬೆಳಿಗ್ಗೆ ಒಂದು ಹೋಟೆಲಿನಲ್ಲಿ ಮುಖ ತೊಳೆದು, ತಿಂಡಿ ತಿಂದು, ಬೋಟು ಹತ್ತುವ ಜಾಗಕ್ಕೆ ಬಂದೆವು. ಎರಡು ಅಂತಸ್ತಿನ ಬೋಟು. ಕೆಳಗೆ ಬೆಂಚುಗಳು, ಹಿಂದುಗಡೆ ಎಂಜಿನ್ನು. ಮೇಲೆ ಬಟ್ಟೆಯ ಚಪ್ಪರದ ಕೆಳಗೆ ಪ್ಲಾಸ್ಟಿಕ್ ಕುರ್ಚಿಗಳು. ಊಟದ ಡಬ್ಬಿಗಳು, ನೀರಿನ ಕ್ಯಾನುಗಳು, ಐಸ್ ತುಂಬಿದ ಪೆಟ್ಟಿಗೆ ಎಲ್ಲ ಬಂದಿದ್ದವು. ಬಡಿಸಲು ಬರಬೇಕಿದ್ದ ಇಬ್ಬರು ಮಾತ್ರ ಬರಲಿಲ್ಲ. ಅಡುಗೆಯವರಿಗೆ ಫೋನ್ ಮಾಡಿದೆ. "ಮದುವೆ ಆರ್ಡರ್ ಉಂಟು ಮೇಡಂ, ಜನ ಇಲ್ಲ, ಒಂದ್ ದಿನ ಹೇಗಾದ್ರೂ ಸುಧಾರಿಸಿ" ಎಂದರು.

ನಾನು ಮ್ಯಾನೇಜರಿಗೆ ಹೇಳಿದೆ. ಅವರು ಕನ್ನಡಕ ಹಣೆಗೇರಿಸಿಕೊಂಡು, ಇದೆಂಥ ಸಮಸ್ಯೆ ಎನ್ನುವಂತೆ ನನ್ನನ್ನು ನೋಡಿದರು.

"ಅಯ್ಯೋ, ಅದಕ್ಯಾಕ್ರೀ ಟೆನ್ಷನ್? ಅಕ್ಕ ಇದಾರಲ್ಲ."

"ಸಾರ್, ಅವರು ಗೆಸ್ಟ್ ಆಗಿ ಬಂದಿದಾರೆ."

"ಗೆಸ್ಟೇ ಕಣ್ರೀ, ಯಾರ್ ಇಲ್ಲ ಅಂದ್ರು? ಸ್ವಲ್ಪ ಹೆಲ್ಪ್ ಮಾಡಿದ್ರೆ ಏನಾಗತ್ತೆ? ಅವ್ರಿಗೂ ಸುಮ್ನೆ ಕೂತ್ರೆ ಬೋರ್ ಆಗತ್ತೆ." ಆಮೇಲೆ ಅಕ್ಕನ ಕಡೆ ತಿರುಗಿ, ನಗುತ್ತಲೇ, "ಅಕ್ಕ, ಈ ಗ್ಲಾಸ್ ಎಲ್ಲ ಸ್ವಲ್ಪ ತೊಳ್ಕೊಂಡು ಮೇಲೆ ತನ್ನಿ" ಎಂದರು.

ಅಕ್ಕ ನನ್ನ ಮುಖ ನೋಡಿದರು. ನಾನು ಫೋನಿನ ಕಡೆ ನೋಡಿದೆ. ಅವರು ಹೊಸ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಗ್ಲಾಸುಗಳ ಬುಟ್ಟಿ ಎತ್ತಿಕೊಂಡರು.

ನಮ್ಮಪ್ಪ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಅವರ ಕ್ಯಾಂಟೀನಿನಲ್ಲಿ ದೊಡ್ಡ ಸಾಹೇಬರೂ ಗುಡಿಸುವವರೂ ಒಂದೇ ಸಾಲಿನಲ್ಲಿ ತಟ್ಟೆ ಹಿಡಿದು ನಿಲ್ಲುತ್ತಿದ್ದರು ಎಂದು ಹೇಳುತ್ತಿದ್ದರು. ಅದು ಎಷ್ಟು ನಿಜವೋ, ನೆನಪಿನಲ್ಲಿ ಎಷ್ಟು ಬೆಳೆದಿತ್ತೋ ನನಗೆ ತಿಳಿಯದು. ಆದರೆ ಹಾಗೆ ಹೇಳಿಕೊಳ್ಳುವುದರಲ್ಲಿ ಅವರಿಗೆ ಹೆಮ್ಮೆಯಿತ್ತು. ಹೋಟೆಲಿನಂಥ ಕ್ಯಾಂಟೀನು, ಹೆಸರು ಹಿಡಿದೇ ಕರೆಯುವ ಬಾಸು, ಬಾಗಿಲಿಲ್ಲದ ಕ್ಯಾಬಿನ್ನು ಎಲ್ಲ ಇರುವ ನಮ್ಮ ಕಂಪನಿಯಲ್ಲಿ ಅಂಥ ಹೆಮ್ಮೆಯೇ ಯಾರಿಗೂ ಬೇಕಿರಲಿಲ್ಲ.

ಬೋಟಿನವರು ಇಬ್ಬರು, ಅಣ್ಣತಮ್ಮಂದಿರು. ದೊಡ್ಡವರು ಚುಕ್ಕಾಣಿ ಹಿಡಿಯುವವರು, ಚಿಕ್ಕವರು ಎಂಜಿನ್ ನೋಡಿಕೊಳ್ಳುವವರು. ಚಿಕ್ಕವರು ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟುಗಳನ್ನು ತಂದು ಹಂಚತೊಡಗಿದರು. ನಮ್ಮ ಕಡೆಯವರು ನಲವತ್ತು ಜನ. ಜಾಕೆಟ್ಟು ಮೂವತ್ತಾರೇ ಇದ್ದವು.

"ಇನ್ನೂ ನಾಲ್ಕು ಬೇಕಲ್ಲ?" ಎಂದೆ.

"ಎಂಥದ್ದೂ ಆಗುದಿಲ್ಲ ಮೇಡಂ, ಇಲ್ಲಿ ಹೆಚ್ಚು ಆಳ ಇಲ್ಲ. ನಾವು ದಿನಾ ಹೋಗುದಲ್ವಾ?"

ಮ್ಯಾನೇಜರು ಅದಕ್ಕೂ ಪರಿಹಾರ ಕೊಟ್ಟರು. "ಬಸ್ಸಿನ ಡ್ರೈವರ್‌ಗೆ, ಕ್ಲೀನರ್‌ಗೆ ಬೇಡ. ಫೋಟೊದವನು ಕ್ಯಾಮೆರಾ ಹಿಡ್ಕೊಂಡಿದಾನೆ, ಅವನಿಗೂ ತೊಂದ್ರೆ. ಅಕ್ಕ ಕೆಳಗೇ ಇರ್ತಾರೆ. ಸರಿ ಹೋಯ್ತಲ್ಲ ಲೆಕ್ಕ!"

ನಾಲ್ಕು ಜನ ಯಾರು ಎಂದು ಆರಿಸಲು ಆ ಮನುಷ್ಯನಿಗೆ ನಾಲ್ಕು ಸೆಕೆಂಡೂ ಬೇಕಾಗಲಿಲ್ಲ. ನನಗೆ ಒಂದು ಸಿಕ್ಕಿತು, ನಾನು ಹಾಕಿಕೊಂಡೆ. ಆಮೇಲೆ ಹಿಂದೆ ಹೋಗಿ ಅದನ್ನು ಅಕ್ಕನಿಗೆ ಕೊಡಲು ನೋಡಿದೆ. "ನೀವ್ ಹಾಕ್ಕೋರಿ. ನನಗ ಈಸು ಬರ್ತದ" ಎಂದು ಗ್ಲಾಸು ತೊಳೆಯುವುದನ್ನು ಮುಂದುವರಿಸಿದರು. ಅಷ್ಟು ಹೊತ್ತಿಗೆ ಮೇಲೆ ಅರ್ಧ ಜನ ಜಾಕೆಟ್ಟು ಬಿಚ್ಚಿ ಕುರ್ಚಿಯ ಮೇಲೆ ಹಾಕಿಕೊಂಡು ಕೂತಿದ್ದರು. ಫೋಟೊದಲ್ಲಿ ಬಟ್ಟೆ ಕಾಣುವುದಿಲ್ಲವಂತೆ.

ನೀರು ಚೆನ್ನಾಗಿತ್ತು. ಸಿಟ್ಟಿನಲ್ಲಿ ಅದನ್ನು ಮರೆಮಾಡಿದರೆ ಸುಳ್ಳಾಗುತ್ತದೆ. ಎರಡೂ ಕಡೆ ಕಾಂಡ್ಲಾ ಗಿಡಗಳು ಬೇರುಗಳನ್ನು ಕಾಲಿನ ಹಾಗೆ ಊರಿ ಕೆಸರಿನಲ್ಲಿ ನಿಂತಿದ್ದವು. ಇಳಿತದ ಹೊತ್ತು, ನೀರು ಕಡಿಮೆಯಾಗಿ ಅಲ್ಲಲ್ಲಿ ಮರಳ ದಿಬ್ಬಗಳು ಎದ್ದಿದ್ದವು. ಒಂದು ಕಡೆ ಏಳೆಂಟು ಹೆಂಗಸರು ಸೊಂಟದವರೆಗಿನ ನೀರಿನಲ್ಲಿ ನಿಂತು, ಕಾಲಿನಿಂದ ತಡಕಿ, ಮುಳುಗಿ ಚಿಪ್ಪು ಹೆಕ್ಕುತ್ತಿದ್ದರು. ಪಕ್ಕದಲ್ಲಿ ಅಲ್ಯೂಮಿನಿಯಂ ಪಾತ್ರೆಗಳು ತೇಲುತ್ತಿದ್ದವು, ಹಗ್ಗದಿಂದ ಅವರ ಸೊಂಟಕ್ಕೆ ಕಟ್ಟಿದ್ದವು. ನಮ್ಮ ಬೋಟಿನ ಅಲೆಗೆ ಪಾತ್ರೆಗಳು ಕುಣಿದವು. ಒಬ್ಬಾಕೆ ತಲೆಯೆತ್ತಿ ಏನೋ ಬೈದದ್ದು ಕಾಣಿಸಿತು. ಮೇಲಿನ ಸ್ಪೀಕರಿನ ಹಾಡಿನ ಅಬ್ಬರದಲ್ಲಿ ಕೇಳಿಸಲಿಲ್ಲ.

ನಾನು ಸ್ವಲ್ಪ ಹೊತ್ತು ಹಿಂದೆ ಅಕ್ಕನ ಹತ್ತಿರ ಕೂತೆ. ಅವರು ಆ ಹೆಂಗಸರನ್ನೇ ನೋಡುತ್ತಿದ್ದರು.

"ನಮ್ಮಪ್ಪ ಹರಗೋಲು ಹಾಕ್ತಿದ್ದ್ರೀ" ಎಂದರು. "ನಮ್ಮೂರಿಗೂ ನಡುಗಡ್ಡಿಗೂ ಹೊಳಿ ದಾಟಿಸ್ತಿದ್ದ. ನಾ ಸಣ್ಣಾಕಿದ್ದಾಗ ಅವನ ಕೂಡ ದಿನಾ ಹೋಗ್ತಿದ್ದೆ. ಜನಾ ಹತ್ತಿದ ಕೂಡ್ಲೇ ಮೊದಲ ಮಾತು ಏನ್ ಹೇಳ್ತಿದ್ದ ಗೊತ್ತೇನ್ರೀ? ಯಾರೂ ಏಳಬ್ಯಾಡ್ರಿ ಅಂತ. ಸಾಹುಕಾರ ಇರಲಿ, ಗೌಡ ಇರಲಿ, ಎದ್ದಂದ್ರ ಬೈತಿದ್ದ. ನೀರಾಗ ನಂದೇ ದರಬಾರು ಅಂತಿದ್ದ."

"ಯಾರೂ ಎದುರು ಮಾತಾಡ್ತಿರ್ಲಿಲ್ವಾ?"

"ಮಾತಾಡಿದ್ರ ದಂಡಿಗೆ ಇಳಿಸಿ ಬರ್ತಿದ್ದ" ಎಂದು ಅವತ್ತು ಮೊದಲ ಸಲ ನಕ್ಕರು. ಕೃಷ್ಣೆಯ ನೀರು ಕೆಂಪು, ಇದು ಹಸಿರು. ಅದು ಒಂದೇ ಕಡೆ ಹರಿಯುತ್ತದೆ, ಇದು ಬೆಳಿಗ್ಗೆ ಒಂದು ಕಡೆ ಸಂಜೆ ಇನ್ನೊಂದು ಕಡೆ ಅಂತ ಬೋಟಿನವರು ಹೇಳಿದರಲ್ಲ, ಇದೆಂಥ ಹೊಳೆ ಎಂದು ಅಕ್ಕ ನನ್ನನ್ನು ಕೇಳಿದರು. ನಾನು ಸಮುದ್ರದ ಉಬ್ಬರ ಇಳಿತದ ಬಗ್ಗೆ ನನಗೆ ಗೊತ್ತಿದ್ದಷ್ಟು ಹೇಳತೊಡಗಿದೆ. ಅಷ್ಟರಲ್ಲಿ ಮೇಲಿನಿಂದ "ಅಕ್ಕಾ, ಜ್ಯೂಸ್!" ಎಂದು ಯಾರೋ ಕೂಗಿದರು. ಮಾತು ಅಲ್ಲಿಗೇ ನಿಂತಿತು. ಆ ಏಣಿಯಂಥ ಮೆಟ್ಟಿಲನ್ನು ಟ್ರೇ ಹಿಡಿದುಕೊಂಡು ಅವರು ಎಷ್ಟು ಸಲ ಹತ್ತಿ ಇಳಿದರೋ ನಾನು ಎಣಿಸಲಿಲ್ಲ. ಸಹಾಯಕ್ಕೆ ಹೋದ ನನ್ನನ್ನು ಮ್ಯಾನೇಜರು ಆಟ ಆಡಿಸಲು ಮೈಕು ಕೊಟ್ಟು ನಿಲ್ಲಿಸಿದರು. ನಾನು ನಿಂತೆ, ಆಟವನ್ನೂ ಆಡಿಸಿದೆ.

ಮಧ್ಯಾಹ್ನದ ಹೊತ್ತಿಗೆ ಬೋಟು ಅಳಿವೆಯ ಬಾಯಿಯ ಹತ್ತಿರ ಬಂತು. ದೂರದಲ್ಲಿ ಸಮುದ್ರದ ಬಿಳಿ ನೊರೆ ಕಾಣುತ್ತಿತ್ತು. ಇಲ್ಲಿ ನೀರಿನ ಸೆಳೆತ ಬೇರೆಯೇ ಇತ್ತು. ಬೋಟು ಮೆಲ್ಲಗೆ ತೂಗತೊಡಗಿತು. ಚುಕ್ಕಾಣಿ ಹಿಡಿದವರು ತಿರುಗಿಸಲು ನೋಡುತ್ತಿದ್ದಾಗ ಮೇಲಿನ ಅಂತಸ್ತಿನಲ್ಲಿ ಯಾರೋ ಕಿರುಚಿದರು.

"ಡಾಲ್ಫಿನ್! ಡಾಲ್ಫಿನ್ ಕಣ್ರೋ!"

ಎಡಗಡೆ ನೀರಿನಲ್ಲಿ ಬೂದು ಬೆನ್ನೊಂದು ಕಂಡು ಮುಳುಗಿತು. ಮೇಲಿದ್ದ ಮೂವತ್ತಕ್ಕೂ ಹೆಚ್ಚು ಜನ ಒಮ್ಮೆಗೇ ಎಡಗಡೆಯ ಕಂಬಿಗೆ ನುಗ್ಗಿದರು. ಬೋಟು ಎಡಕ್ಕೆ ವಾಲಿತು. ಮೊದಲು ಎಲ್ಲರೂ "ಹೋ" ಎಂದು ನಕ್ಕರು. ಆಮೇಲೆ ಅದು ಇನ್ನೂ ವಾಲಿತು. ಐಸ್ ಪೆಟ್ಟಿಗೆ ಜಾರಿಕೊಂಡು ಬಂದು ಕಂಬಿಗೆ ಬಡಿಯಿತು. ಖಾಲಿ ಕುರ್ಚಿಗಳು ಒಂದರ ಹಿಂದೆ ಒಂದು ಜಾರಿದವು. ಮೆಟ್ಟಿಲಿನ ಹತ್ತಿರ ಇದ್ದ ನನಗೆ ಕೆಳಗಿನ ಅಂತಸ್ತಿನ ಅಂಚಿಗೆ ನೀರು ಬಂದು ಒಳಗೆ ಹರಿದದ್ದು ಕಾಣಿಸಿತು. ಚುಕ್ಕಾಣಿಯವರು ಕೂಗುತ್ತಿದ್ದರು, ಸ್ಪೀಕರಿನ ಸದ್ದಿನಲ್ಲಿ ಒಂದಕ್ಷರವೂ ಕೇಳುತ್ತಿರಲಿಲ್ಲ. ಮೈಕು ನನ್ನ ಕೈಯಲ್ಲೇ ಇತ್ತು, ಅದರಲ್ಲಿ ಮಾತಾಡಬೇಕೆಂದು ಹೊಳೆಯಲಿಲ್ಲ.

ಅಕ್ಕ ಕೆಳಗಿನಿಂದ ಓಡಿ ಬಂದರು. ಟ್ರೇ ಎಲ್ಲೋ ಬಿಸಾಡಿದ್ದರು. ನನ್ನನ್ನು ದಾಟಿ ಹೋಗಿ ಮೊದಲು ಸ್ಪೀಕರಿನ ವೈರು ಕಿತ್ತರು. ಹಾಡು ನಿಂತಿತು.

"ಕುಂದರ್ರಿ! ಇದ್ದಲ್ಲೇ ಕುಂದರ್ರಿ! ಎಲ್ಲಾರೂ ಕೆಳಗ ಕುಂದರ್ರಿ!"

ಅಂಥ ಧ್ವನಿ ಆ ದೇಹದಲ್ಲಿದೆ ಎಂದು ನಾಲ್ಕು ವರ್ಷದಲ್ಲಿ ನಮಗೆ ಗೊತ್ತಾಗಿರಲಿಲ್ಲ. ಕೆಲವರು ಅಲ್ಲೇ ಕುಸಿದು ಕೂತರು. ಕೆಲವರು ಗಾಬರಿಯಲ್ಲಿ ಬಲಕ್ಕೆ ಓಡಲು ಹೊರಟರು. "ಆ ಕಡಿ ಓಡಬ್ಯಾಡ್ರಿ! ನಡುವ ಬರ್ರಿ, ತೆವಳಿಕೊಂಡು ಬರ್ರಿ!" ಎಂದು ಅಡ್ಡ ನಿಂತರು. ಕೆಲವು ತಿಂಗಳ ಹಿಂದಷ್ಟೇ ಕೆಲಸಕ್ಕೆ ಸೇರಿದ್ದ ಹುಡುಗಿಯೊಬ್ಬಳು ಸೆಲ್ಫಿ ತೆಗೆಯಲು ಕಂಬಿಯ ಮೇಲೆ ಹತ್ತಿ ಕೂತಿದ್ದಳು. ಈಗ ಅವಳ ಅರ್ಧ ಮೈ ಹೊರಗಿತ್ತು, ಜಾಕೆಟ್ಟು ಮೈ ಮೇಲಿರಲಿಲ್ಲ. ಅಕ್ಕ ಅವಳ ರಟ್ಟೆ ಹಿಡಿದು ಒಳಕ್ಕೆ ಎಳೆದು ನೆಲಕ್ಕೆ ಕೂರಿಸಿದರು. ಮ್ಯಾನೇಜರು ಮಾತ್ರ ಕಂಬಿ ಹಿಡಿದುಕೊಂಡು ನಿಂತೇ ಇದ್ದರು, ಒಂದು ಕೈಯಲ್ಲಿ ಮೊಬೈಲು ಮೇಲೆತ್ತಿ. "ರಿಲ್ಯಾಕ್ಸ್, ರಿಲ್ಯಾಕ್ಸ್, ಏನೂ ಆಗಲ್ಲ" ಎನ್ನುತ್ತಿದ್ದರು. ಅಕ್ಕ ಅವರ ಜಾಕೆಟ್ಟಿನ ಪಟ್ಟಿಗೆ ಕೈ ಹಾಕಿ ಎಳೆದು, "ಕುಂದರಂದ್ರ ಕುಂದರಬೇಕು!" ಎಂದು ಕೂರಿಸಿದರು.

ಬೋಟು ಒಂದು ಸಲ ಬಲಕ್ಕೆ ತೂಗಿ, ಮತ್ತೆ ಎಡಕ್ಕೆ ತೂಗಿ, ನೆಟ್ಟಗಾಯಿತು. ಇಷ್ಟೆಲ್ಲ ಒಂದು ನಿಮಿಷದೊಳಗೆ ಆಗಿಹೋಯಿತು. ಅಕ್ಕನ ಉಸಿರು ಏರಿಳಿಯುತ್ತಿತ್ತು. ಹೊಸ ಸೀರೆಯ ಅಂಚು ಎಲ್ಲೋ ಸಿಕ್ಕಿ ಹರಿದಿತ್ತು.

ಬೋಟನ್ನು ತಿರುಗಿಸಿ ಕುದ್ರುವಿನ ಮರೆಗೆ ತಂದು ನಿಲ್ಲಿಸಿದ ಮೇಲೆ ಚುಕ್ಕಾಣಿಯವರು ಮೇಲೆ ಬಂದರು. ಅವರ ಮುಖದಲ್ಲಿ ರಕ್ತವಿರಲಿಲ್ಲ. ಅಕ್ಕನಿಗೆ ಎರಡೂ ಕೈ ಮುಗಿದರು.

"ನೀವು ಕೂಗದಿದ್ರೆ ಇವತ್ತು ನಮ್ಮ ಕತೆ ಮುಗೀತಿತ್ತು ಅಮ್ಮ."

"ಜಾಕೀಟಿನ ಲೆಕ್ಕ ಸರಿ ಮಾಡ್ರಿ ಮೊದಲ" ಎಂದರು ಅಕ್ಕ. ಚುಕ್ಕಾಣಿಯವರನ್ನೂ ಬಿಡಲಿಲ್ಲ.

ಜನ ಮೆಲ್ಲಗೆ ಚೇತರಿಸಿಕೊಂಡರು. ನಗು ಶುರುವಾಯಿತು. "ಮಗಾ, ನಿನ್ ಮುಖ ನೋಡ್ಬೇಕಿತ್ತು" ಎಂದೊಬ್ಬ. "ವಿಡಿಯೊ ಸಕ್ಕತ್ತಾಗಿ ಬಂದಿದೆ ಗುರು" ಎಂದಿನ್ನೊಬ್ಬ. ಯಾರೋ ಅಕ್ಕನ ಧ್ವನಿಯನ್ನು ಅಣಕಿಸಿ "ಕುಂದರ್ರೀ" ಎಂದರು, ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಒಬ್ಬರೂ ಥ್ಯಾಂಕ್ಸ್ ಅನ್ನಲಿಲ್ಲ. ಮ್ಯಾನೇಜರು ನಗಲೂ ಇಲ್ಲ. ತಮ್ಮ ಜಾಕೆಟ್ಟಿನ ಪಟ್ಟಿ ಸರಿಮಾಡಿಕೊಳ್ಳುತ್ತ ಕೂತಿದ್ದರು. ಹತ್ತು ನಿಮಿಷ ಕಳೆದ ಮೇಲೆ, "ಲಂಚ್ ಸ್ಟಾರ್ಟ್ ಮಾಡೋಣ. ಅಕ್ಕ, ಪ್ಲೇಟ್ ಕೊಡಿ ಎಲ್ರಿಗೂ" ಎಂದರು.

ಅಕ್ಕ ಕ್ಯಾನಿನ ನೀರಿನಲ್ಲಿ ಕೈ ತೊಳೆದರು. ಒಂದು ತಟ್ಟೆ ತೆಗೆದುಕೊಂಡು, ಡಬ್ಬಿ ತೆರೆದು ತಾವೇ ಅನ್ನ, ಸಾರು, ಪಲ್ಯ ಹಾಕಿಕೊಂಡರು. ಮುಂದಿನ ಸಾಲಿನ ಒಂದು ಕುರ್ಚಿಯಲ್ಲಿ ಕೂತರು.

"ನಾ ಈಗ ಉಣ್ತೀನ್ರಿ. ನೀವ್ ನೀವೇ ಹಾಕ್ಕೋರಿ."

ಅದರಲ್ಲಿ ಜೋರಿರಲಿಲ್ಲ, ಅಹಂಕಾರವೂ ಇರಲಿಲ್ಲ. ಹಸಿದಿದ್ದ ಮನುಷ್ಯರು ಹೇಳುವಂಥ ಮಾತು. ನಾನು ಹೋಗಿ ಮಜ್ಜಿಗೆ ತಂದು ಅವರ ಪಕ್ಕದಲ್ಲಿಟ್ಟೆ. ಆ ದಿನ ನಾನು ಮಾಡಿದ ಒಂದೇ ಒಂದು ಸರಿಯಾದ ಕೆಲಸ ಅದು, ಅದನ್ನೂ ತಡವಾಗಿ ಮಾಡಿದೆ. ಉಳಿದವರು ಸಾಲು ನಿಂತು ಬಡಿಸಿಕೊಂಡರು. ಯಾರ ಕೈಯೂ ಸವೆಯಲಿಲ್ಲ.

ಸೋಮವಾರ ಬೆಳಿಗ್ಗೆ ಮ್ಯಾನೇಜರು ನನ್ನನ್ನು ಮೀಟಿಂಗ್ ರೂಮಿಗೆ ಕರೆದರು.

"ಏಜೆನ್ಸಿಗೆ ಒಂದು ಮೇಲ್ ಹಾಕ್ಬೇಕು ಕಣ್ರೀ. ಹೌಸ್‌ಕೀಪಿಂಗ್ ಸ್ಟಾಫ್ ಬಿಹೇವಿಯರ್ ಬಗ್ಗೆ."

"ಯಾವ ಸ್ಟಾಫು ಸಾರ್?"

"ಗೊತ್ತಿಲ್ವಾ ನಿಮಗೆ? ಎಲ್ರ ಮುಂದೆ ನನ್ ಮೇಲೆ ಕೈ ಹಾಕಿದ್ರು. ಟೀಮ್ ಮುಂದೆ ನನ್ ಮರ್ಯಾದೆ ಏನಾಗ್ಬೇಕು? ನಂಗೇನೂ ಪರ್ಸನಲ್ ಆಗಿ ಇಲ್ಲ. ಐ ರೆಸ್ಪೆಕ್ಟ್ ಹರ್. ಬಟ್ ಒಂದು ಬೌಂಡರಿ ಅಂತ ಇರತ್ತಲ್ಲ."

"ಅವರು ಕೂರ್ಸಿಲ್ದೇ ಇದ್ದಿದ್ರೆ ಬೋಟ್ ಮಗುಚ್ತಿತ್ತು ಸಾರ್."

"ಅದು ನಿಮ್ ಅಸಂಪ್ಷನ್."

"ಬೋಟಿನವರೇ ಕೈ ಮುಗಿದು ಹೇಳಿದ್ರು."

"ಬೋಟಿನವ್ನ ಮಾತು ಬಿಡ್ರಿ. ನೀವು ಬರೀತೀರೋ ಇಲ್ವೋ?"

"ಇಲ್ಲ ಸಾರ್. ನಾನು ಬರೆಯೋದಾದ್ರೆ ನಡೆದಿದ್ದೆಲ್ಲ ಬರೀತೀನಿ. ಜಾಕೆಟ್ ಯಾರಿಗೆ ಕೊಡ್ಲಿಲ್ಲ ಅನ್ನೋದನ್ನೂ ಬರೀತೀನಿ."

ಅವರು ಲ್ಯಾಪ್‌ಟಾಪ್ ಮುಚ್ಚಿ, "ಸರಿ, ನಿಮಗೆ ಕಂಫರ್ಟಬಲ್ ಇಲ್ಲ ಅಂದ್ರೆ ಬೇರೆಯವ್ರು ಬರೀತಾರೆ" ಎಂದರು. ಬೇರೆಯವರು ಬರೆದರು. ಎರಡೇ ಸಾಲು. ಬುಧವಾರದಿಂದ ಅಕ್ಕನನ್ನು ವೈಟ್‌ಫೀಲ್ಡಿನ ಒಂದು ಕಟ್ಟಡಕ್ಕೆ ಹಾಕಿದರು. ಚಂದಾಪುರದಿಂದ ವೈಟ್‌ಫೀಲ್ಡಿಗೆ! ಬಸ್ಸು ಬದಲಿಸಿ, ಟ್ರಾಫಿಕ್ಕಿನಲ್ಲಿ ನಿಂತು, ಹೋಗಲು ಎರಡೂವರೆ ಗಂಟೆ, ಬರಲು ಅಷ್ಟೇ. ಕೆಲಸದಿಂದ ತೆಗೆದಿಲ್ಲ, ಜಾಗ ಬದಲಿಸಿದ್ದೇವೆ ಅಷ್ಟೇ ಎನ್ನುವ ಈ ಜಾಣತನ ನನಗೆ ನೇರವಾಗಿ ಕತ್ತು ಹಿಡಿದು ದೂಡುವುದಕ್ಕಿಂತ ಹೇಸಿಗೆ ಅನ್ನಿಸಿತು.

ಎಚ್‌ಆರ್‌ಗೆ ಹೋದೆ. ಅವರು ಬಹಳ ಮೃದುವಾಗಿ, ಅದು ಏಜೆನ್ಸಿಯ ಒಳಗಿನ ವಿಷಯ ಎಂದರು. ಏಜೆನ್ಸಿಗೆ ಫೋನ್ ಮಾಡಿದೆ. ಅವರು ಅದು ಕ್ಲೈಂಟ್ ಕಡೆಯ ವಿಷಯ ಎಂದರು. ಕಂಬಿಯ ಮೇಲಿದ್ದ ಹುಡುಗಿಯನ್ನು ಕ್ಯಾಂಟೀನಿನಲ್ಲಿ ಹಿಡಿದು, "ನೀನೊಂದ್ ಮಾತು ಹೇಳಮ್ಮ" ಎಂದೆ. ಅವಳ ಕಣ್ಣು ತುಂಬಿತು. "ಮ್ಯಾಮ್, ನಂದಿನ್ನೂ ಕನ್ಫರ್ಮೇಷನ್ ಆಗಿಲ್ಲ. ನನ್ ಹೆಸರು ತರ್ಬೇಡಿ ಪ್ಲೀಸ್" ಎಂದಳು. ಅವಳ ಮೇಲೂ ಸಿಟ್ಟು ಬಂತು. ಅವಳ ವಯಸ್ಸಿನಲ್ಲಿ ನಾನಾದರೂ ಏನು ಮಾಡುತ್ತಿದ್ದೆ ಎಂದು ಕೇಳಿಕೊಂಡಾಗ ಆ ಸಿಟ್ಟು ಅರ್ಧಕ್ಕೆ ಇಳಿಯಿತು.

ಎರಡು ಭಾನುವಾರ ಬಿಟ್ಟು ಬೇಗೂರಿನ ನಮ್ಮ ಮನೆಯಿಂದ ಗಾಡಿ ತೆಗೆದುಕೊಂಡು ಚಂದಾಪುರಕ್ಕೆ ಹೋದೆ. ಸಾಲು ಕೋಣೆಗಳ ಒಂದು ಕಟ್ಟಡ, ಮೆಟ್ಟಿಲ ತುಂಬ ಚಪ್ಪಲಿಗಳು, ಒಣಗಲು ಹಾಕಿದ ಬಟ್ಟೆಗಳು. ಅಕ್ಕ ಬಾಗಿಲಲ್ಲಿ ಕೂತು ಜೋಳದ ಹಿಟ್ಟು ಜರಡಿ ಹಿಡಿಯುತ್ತಿದ್ದರು. ಒಳಗೆ ಕರೆದು ಚಾಪೆ ಹಾಕಿದರು, ಚಹಾ ಮಾಡಿದರು. ನಾನು ಎಚ್‌ಆರ್‌ಗೆ ಹೋದದ್ದು, ಏಜೆನ್ಸಿಗೆ ಫೋನ್ ಮಾಡಿದ್ದು, ಮೇಲ್ ಬರೆಯಲು ಒಪ್ಪದಿದ್ದದ್ದು ಎಲ್ಲ ಹೇಳಿದೆ. ಮ್ಯಾನೇಜರನ್ನು ಬಾಯಿಗೆ ಬಂದ ಹಾಗೆ ಬೈದೆ. ಅವರು ಹಿಟ್ಟಿನ ಜರಡಿ ಮತ್ತೆ ಕೈಗೆತ್ತಿಕೊಂಡರು.

"ಅವನ ಮ್ಯಾಲ ನನಗ ಅಷ್ಟು ಸಿಟ್ಟಿಲ್ರೀ ಮೇಡಂ" ಎಂದರು ಕಡೆಗೆ. "ಅವ ಹಂಗೇ ಇರಾಂವ. ಏನೂ ಕೆಲಸ ಇಲ್ಲ, ಗೆಸ್ಟು ಅಂತ ಹೇಳಿದಾಕಿ ನೀವು. ನಾ ನಿಮ್ಮ ಮಾತಿನ ಮ್ಯಾಲ ಬಂದಾಕಿ. ಅವ ಗ್ಲಾಸ್ ತೊಳಿ ಅಂದಾಗ ನಾ ನಿಮ್ಮ ಮಾರಿ ನೋಡಿದೆ. ನೀವು ಫೋನ್ ನೋಡಿದ್ರಿ."

ಚಹಾದ ಲೋಟ ಕೆಳಗಿಟ್ಟೆ. "ತಪ್ಪಾಯ್ತು ಅಕ್ಕ" ಎಂದೆ. "ಆತು ಬಿಡ್ರಿ" ಎಂದರು. ಆದರೆ ಬಿಟ್ಟ ಹಾಗೆ ಕಾಣಲಿಲ್ಲ, ಬಿಡಬೇಕಾಗಿಯೂ ಇರಲಿಲ್ಲ. ಹೊರಡುವಾಗ ಒಂದು ಕವರಿನಲ್ಲಿ ಶೇಂಗಾ ಚಟ್ನಿಪುಡಿ ಹಾಕಿ ಕೊಟ್ಟರು. ಸಿಟ್ಟಿದ್ದರೂ ಮನೆಗೆ ಬಂದವರನ್ನು ಬರಿಗೈಯಲ್ಲಿ ಕಳಿಸುವವರಲ್ಲ ಅವರು.

ಮೂರು ತಿಂಗಳಾದ ಮೇಲೆ ಇಡೀ ಆಫೀಸಿನ ಸಭೆಯೊಂದು ನಡೆಯಿತು. ಬೇರೆ ಊರಿನಿಂದ ದೊಡ್ಡ ಬಾಸೊಬ್ಬರು ಬಂದಿದ್ದರು. ನಮ್ಮ ಮ್ಯಾನೇಜರು ವೇದಿಕೆ ಹತ್ತಿ ಸುರಕ್ಷತೆಯ ಬಗ್ಗೆ ಮಾತಾಡಿದರು. ಪರದೆಯ ಮೇಲೆ ಆ ಬೋಟಿನ ಫೋಟೊ. ಪ್ರವಾಸದಲ್ಲಿ ಅನಿರೀಕ್ಷಿತ ಸಂದರ್ಭವೊಂದು ಎದುರಾದಾಗ ತಮ್ಮ ಟೀಮು ಹೇಗೆ ಶಾಂತವಾಗಿ, ಶಿಸ್ತಿನಿಂದ ವರ್ತಿಸಿತು, ಅದರಿಂದ ಕಲಿತು ಇನ್ನು ಮುಂದೆ ಪ್ರವಾಸಗಳಿಗೆ ಯಾವ ಹೊಸ ನಿಯಮ ಮಾಡಿದ್ದೇವೆ ಎಂದು ವಿವರಿಸಿದರು. ಪ್ರತಿಯೊಬ್ಬರಿಗೂ ಲೈಫ್ ಜಾಕೆಟ್ ಕಡ್ಡಾಯ ಎಂದು ದಪ್ಪ ಅಕ್ಷರದಲ್ಲಿತ್ತು. ಪ್ರತಿಯೊಬ್ಬರಿಗೂ! ಜನ ಚಪ್ಪಾಳೆ ತಟ್ಟಿದರು. ದೊಡ್ಡ ಬಾಸು ತಲೆಯಾಡಿಸಿದರು. ಪ್ರಶ್ನೆ ಇದ್ದರೆ ಕೇಳಿ ಎಂದರು.

ನಾನು ಎದ್ದು ನಿಂತೆ. ಮೊದಲೇ ಯೋಚಿಸಿರಲಿಲ್ಲ. ಮೈಕು ತಂದು ಕೊಟ್ಟರು. ಈ ಸಲ ಅದರಲ್ಲಿ ಮಾತಾಡಬೇಕೆಂದು ಗೊತ್ತಿತ್ತು.

"ಆ ಬೋಟಲ್ಲಿ ಟೀಮು ಶಾಂತವಾಗಿರ್ಲಿಲ್ಲ ಸಾರ್. ನಾವೆಲ್ಲ ಒಂದೇ ಕಡೆ ನುಗ್ಗಿದ್ವಿ. ನಮ್ಮನ್ನ ಕೂರಿಸಿ ಬೋಟು ಉಳಿಸಿದ್ದು ನಮ್ಮ ಮಹಡಿ ಗುಡಿಸೋ ಅಕ್ಕ. ಅವರಿಗೆ ಜಾಕೆಟ್ ಕೊಟ್ಟಿರ್ಲಿಲ್ಲ. ಗೆಸ್ಟ್ ಅಂತ ಕರ್ಕೊಂಡ್ ಹೋಗಿ ಗ್ಲಾಸ್ ತೊಳ್ಸಿದ್ವಿ. ವಾಪಸ್ ಬಂದು, ಮೈ ಮುಟ್ಟಿ ಕೂರಿಸಿದ್ರು ಅಂತ ದೂರು ಕೊಟ್ಟು ವೈಟ್‌ಫೀಲ್ಡಿಗೆ ಕಳಿಸಿದ್ವಿ. ಈ ಸ್ಲೈಡಲ್ಲಿ ಅವರ ಹೆಸರು ಯಾಕಿಲ್ಲ?"

ಕನ್ನಡ ಬಾರದ ದೊಡ್ಡ ಬಾಸಿಗೆ ಪಕ್ಕದವರು ಪಿಸುಮಾತಿನಲ್ಲಿ ಅನುವಾದಿಸಿದರು. ಮ್ಯಾನೇಜರು ನಗುತ್ತ, ಇದನ್ನು ಆಮೇಲೆ ಬೇರೆಯಾಗಿ ಮಾತಾಡೋಣ ಎಂದರು. ಆಗ ಹಿಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು. ಆ ಹುಡುಗಿ ಎದ್ದು ನಿಂತಿದ್ದಳು. ಮೈಕು ಇರಲಿಲ್ಲ.

"ಅವರು ಹೇಳಿದ್ದು ನಿಜ. ನಾನು ಕಂಬಿಯಿಂದ ಆಚೆ ಬೀಳ್ತಿದ್ದೆ. ಕೈ ಹಿಡಿದು ಎಳೆದಿದ್ದು ಅಕ್ಕನೇ."

ಆಮೇಲೆ, ಬೋಟಿನಲ್ಲಿ ಅಕ್ಕನ ಧ್ವನಿಯನ್ನು ಅಣಕಿಸಿದ್ದ ಹುಡುಗ ತಲೆ ತಗ್ಗಿಸಿಕೊಂಡೇ "ಹೌದು" ಎಂದ. ಅಷ್ಟೇ. ಉಳಿದವರು ಏಳಲಿಲ್ಲ. ಆದರೆ ಯಾರೂ ಇಲ್ಲ ಎಂದೂ ಹೇಳಲಿಲ್ಲ.

ನನ್ನ ಕೆಲಸ ಹೋಗಲಿಲ್ಲ. ಹೆದರಿದ್ದಕ್ಕೆ ಅರ್ಥವಿರಲಿಲ್ಲ ಎಂದು ಹೇಳಲಾರೆ. ಆಮೇಲೆ ಎಷ್ಟೋ ದಿನ ನನ್ನ ಮೇಲ್‌ಗಳಿಗೆ ಉತ್ತರ ಬರುತ್ತಿರಲಿಲ್ಲ, ಮೀಟಿಂಗುಗಳಿಗೆ ಕರೆ ಬರುತ್ತಿರಲಿಲ್ಲ. ಮ್ಯಾನೇಜರು ಕೆಲವೇ ತಿಂಗಳಲ್ಲಿ ಇನ್ನೂ ದೊಡ್ಡ ಹುದ್ದೆ ಹಿಡಿದು ಬೇರೆ ಕಟ್ಟಡಕ್ಕೆ ಹೋದರು. ಅಕ್ಕನನ್ನು ವಾಪಸ್ಸು ಕರೆಸುತ್ತೇವೆ, ಜೊತೆಗೆ ಒಂದು ಮೆಚ್ಚುಗೆ ಪತ್ರ ಕೊಡುತ್ತೇವೆ ಎಂದು ಮೇಲಿನಿಂದ ತೀರ್ಮಾನವಾಯಿತು. ನಾನು ಫೋನ್ ಮಾಡಿ ಹೇಳಿದೆ. ಅಷ್ಟರಲ್ಲಿ ಅವರು ಏಜೆನ್ಸಿ ಬಿಟ್ಟು, ಆನೇಕಲ್ ಕಡೆಯ ಒಂದು ಶಾಲೆಯಲ್ಲಿ ಮಕ್ಕಳಿಗೆ ಬಿಸಿಯೂಟ ಮಾಡುವ ಕೆಲಸ ಹಿಡಿದಿದ್ದರು.

"ಬರಂಗಿಲ್ರೀ" ಎಂದರು. "ಇಲ್ಲಿ ಚಲೋ ಅದ. ಹುಡುಗರು ಸಾಲಾಗಿ ಕುಂದರ್ತಾವ, ಬಡಿಸಿದ್ದು ಉಣ್ತಾವ, ಅಜ್ಜಿ ಅಂತಾವ."

"ಸಭೇಲಿ ನಾನು ಎಲ್ಲ ಹೇಳ್ದೆ ಅಕ್ಕ. ಆ ಹುಡ್ಗೀನೂ ಎದ್ದು ಹೇಳಿದ್ಲು."

ಹಿಂದೆ ಪಾತ್ರೆಗಳ ಸದ್ದು ಕೇಳುತ್ತಿತ್ತು.

"ಆ ಕೂಸು ಹೇಳಿತೇನ್ರೀ? ಚಲೋ ಆತು" ಎಂದರು. ನನ್ನ ಬಗ್ಗೆ ಏನೂ ಅನ್ನಲಿಲ್ಲ.

ಮೆಚ್ಚುಗೆ ಪತ್ರ ಮಾತ್ರ ಅಚ್ಚಾಗಿ ನನ್ನ ಟೇಬಲ್ಲಿಗೆ ಬಂತು, ತಲುಪಿಸಿ ಎಂಬ ಚೀಟಿಯೊಂದಿಗೆ. ದಪ್ಪ ಕಾಗದ, ಚಿನ್ನದ ಬಣ್ಣದ ಅಂಚು. ಅದರಲ್ಲಿ ಅಕ್ಕನ ಹೆಸರು ತಪ್ಪಾಗಿತ್ತು. ಕಾಗುಣಿತದ ತಪ್ಪಲ್ಲ, ಬೇರೆ ಯಾರದೋ ಹೆಸರು. ನಾಲ್ಕು ವರ್ಷ ಅವರು ಎದೆಯ ಮೇಲೆ ಹೆಸರಿನ ಪಟ್ಟಿ ಸಿಕ್ಕಿಸಿಕೊಂಡು ಇವರೆಲ್ಲರ ಕಾಲ ಕೆಳಗಿನ ನೆಲ ಒರೆಸಿದ್ದರು. ನಾನು ಆ ಪತ್ರವನ್ನು ತೆಗೆದುಕೊಂಡು ಲಿಫ್ಟಿಗೆ ಕಾಯದೆ ಮೆಟ್ಟಿಲು ಹತ್ತಿ ಹೋಗಿ, ಸಹಿ ಹಾಕಿದವರ ಟೇಬಲ್ಲಿನ ಮೇಲಿಟ್ಟೆ. "ಇವರು ಯಾರು ಸಾರ್? ನನಗೆ ಗೊತ್ತಿಲ್ಲ" ಎಂದೆ. ಅವರು ಓದಿದರು, ಮತ್ತೆ ಓದಿದರು. ಅವರಿಗೂ ಗೊತ್ತಿರಲಿಲ್ಲ.